ಆರು ಕೆಂಪುಕಲ್ಲಿನ ಸರಾಸರಿ

ನನಗೆ ಸಿಟ್ಟು ಬರುವುದು ತೀರಾ ಕಡಿಮೆ ಎಂದು ನಾನು ನಂಬಿಕೊಂಡಿದ್ದೇನೆ. ಮನೆಯವರು ಒಪ್ಪುವುದಿಲ್ಲ, ಅದು ಬೇರೆ ವಿಷಯ. ಬಸ್ಸು ತಡವಾದರೂ, ಚಟ್ನಿಗೆ ಉಪ್ಪು ಹೆಚ್ಚಾದರೂ ನಾನು ಬಾಯಿ ಮುಚ್ಚಿಕೊಂಡಿರುವ ಮನುಷ್ಯ. ಆದರೆ ಈಗೀಗ ‘ಪಾಸ್’ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿಯುತ್ತದೆ. ಮಣಿಪಾಲದಲ್ಲಿ ಎಂಜಿನಿಯರಿಂಗ್ ಮಕ್ಕಳಿಗೆ ಸಂಖ್ಯಾಶಾಸ್ತ್ರ ಕಲಿಸುವ ಮೇಷ್ಟ್ರಿಗೆ ಪಾಸ್ ಎಂದರೆ ಸಿಟ್ಟೇ ಎಂದು ನೀವು ಕೇಳಬಹುದು. ಹೌದು, ಸಿಟ್ಟೇ. ಯಾಕೆಂದು ಹೇಳುತ್ತೇನೆ.

ನನ್ನ ಅಕ್ಕ ಕಾಪುವಿನಲ್ಲಿ ಮನೆ ಕಟ್ಟಿಸುತ್ತಿದ್ದಾಳೆ. ನಮ್ಮ ಕಡೆ ಗೋಡೆ ಎಂದರೆ ಕೆಂಪುಕಲ್ಲು, ನೆಲದಿಂದ ಕೊಯ್ದು ತೆಗೆಯುವ ತೂತುತೂತಿನ ಕಲ್ಲು. ಬಜಗೋಳಿ ಕಡೆಯ ಕಲ್ಲುಕೋರೆಯಿಂದ ಮೊದಲ ಲೋಡು ಬಂದಿಳಿಯಿತು. ಸಂಜೀವ ಮೇಸ್ತ್ರಿ ಎಲೆಯಡಿಕೆ ಉಗುಳಿ, ನಾಲ್ಕಾರು ಕಲ್ಲುಗಳಿಗೆ ಸುತ್ತಿಗೆಯಿಂದ ಬಡಿದು, ಸದ್ದು ಕೇಳಿ, “ಇದು ಬೇಡ ಅಕ್ಕಾ, ಒಳಗೆ ಮಣ್ಣು ಜಾಸ್ತಿ ಉಂಟು” ಎಂದರು. ಕೋರೆಯ ಸದಾಶಿವಣ್ಣನಿಗೆ ರೇಗಿತು. “ಎಂತ ಮಾರಾಯ್ರೆ, ಇದಕ್ಕಿಂತ ಗಟ್ಟಿ ಕಲ್ಲು ಇಡೀ ಕಾರ್ಕಳದಲ್ಲಿ ಇಲ್ಲ” ಎಂದು ಕೂಗಿದ. ಸ್ಲ್ಯಾಬಿನ ಭಾರ ಹೊರಬೇಕಾದ ಗೋಡೆ ಅದು. ಅದರಡಿ ಮಲಗಬೇಕಾದವರು ಅಕ್ಕ ಮತ್ತು ಅವಳ ಮೊಮ್ಮಗಳು. ಅಕ್ಕ ಹೆದರಿ ನನ್ನ ಮುಖ ನೋಡಿದಳು.

ನಾನು ಅಷ್ಟಕ್ಕೇ ಕಾದಿದ್ದೆ. ಇಷ್ಟು ವರ್ಷ ಪಾಠ ಮಾಡಿದವನ ಎದುರಿಗೇ ಒಬ್ಬರು ಸುತ್ತಿಗೆ ಬಡಿದು ತೀರ್ಪು ಕೊಡುವುದು, ಇನ್ನೊಬ್ಬರು ಗಂಟಲು ಹರಿದುಕೊಂಡು ಕೊಡುವುದು! ಇಬ್ಬರೂ ಸುಮ್ಮನಿರಿ, ಶಾಸ್ತ್ರೀಯವಾಗಿ ಪರೀಕ್ಷೆ ಮಾಡೋಣ ಎಂದೆ. ಆರು ಕಲ್ಲುಗಳನ್ನು ಕಾರಿನಲ್ಲಿ ಹಾಕಿ ಮಣಿಪಾಲಕ್ಕೆ ಒಯ್ದು, ಪರಿಚಯದ ಲ್ಯಾಬಿನಲ್ಲಿ ಯಂತ್ರಕ್ಕೆ ಕೊಟ್ಟು ಒಂದೊಂದಾಗಿ ಒಡೆಸಿದೆ. ಎರಡು ಕಲ್ಲು ಯಂತ್ರವನ್ನೇ ಗದರಿಸಿದವು. ಒಂದು ರಸ್ಕಿನಂತೆ ಪುಡಿಯಾಯಿತು. ಉಳಿದವು ನಡುವೆ ಎಲ್ಲೋ ಇದ್ದವು. ಸರಾಸರಿ ಬಲ ಸದಾಶಿವಣ್ಣ ಬಿಲ್ಲಿನಲ್ಲಿ ಬರೆದುಕೊಟ್ಟ ಅಂಕಿಗಿಂತ ಕಡಿಮೆಯೇ ಬಂತು. ಆದರೆ ನಮ್ಮ ಶಾಸ್ತ್ರದ ರೀತಿಯೇ ಬೇರೆ. ಮೊದಲು ಮಾರುವವನ ಮಾತು ಸತ್ಯ ಎಂದೇ ಹಿಡಿಯಬೇಕು, ಬಲವಾದ ಆಧಾರ ಸಿಕ್ಕಿದರೆ ಮಾತ್ರ ತಳ್ಳಿಹಾಕಬೇಕು. ಆರೇ ಕಲ್ಲು, ಅದರಲ್ಲೂ ಇಷ್ಟು ಏರುಪೇರು ಇದ್ದಾಗ ಸರಾಸರಿ ಇಳಿದದ್ದು ಬರೀ ಆಕಸ್ಮಿಕವೂ ಇರಬಹುದು. ಹಾಗಾಗಿ ಲೆಕ್ಕ ಮಾಡಿ, ‘ಹೇಳಿದ ಬಲ ಸುಳ್ಳೆನ್ನಲು ಸಾಕಷ್ಟು ಆಧಾರವಿಲ್ಲ’ ಎಂದು ಬರೆದು ಸಹಿ ಹಾಕಿ ಕೊಟ್ಟೆ.

ಸದಾಶಿವಣ್ಣ ಆ ಕಾಗದವನ್ನು ಎತ್ತಿ ಹಿಡಿದು, “ಪಾಸ್! ಮಣಿಪಾಲದ ಮಾಷ್ಟ್ರೇ ಪಾಸ್ ಮಾಡಿದ್ದಾರೆ” ಎಂದು ಮೇಸ್ತ್ರಿಯ ಮುಖಕ್ಕೆ ಬೀಸಿದ.

“ನಾನು ಪಾಸ್ ಅಂತ ಎಲ್ಲಿ ಹೇಳಿದ್ದೇನೆ?” ಎಂದು ನಾನು ಹಾರಾಡಿದೆ.

“ಹಾಗಾದ್ರೆ ಫೇಲ್ ಅಂತ ಬರೆದು ಕೊಡಿ ಮಾಷ್ಟ್ರೆ.”

“ಫೇಲ್ ಅಲ್ಲ.”

“ಅಂದ್ರೆ ಪಾಸ್ ಅಲ್ವಾ?”

“ಪಾಸೂ ಅಲ್ಲ!”

“ಮತ್ತೆ ಎಂತ ಅದು?”

ಇದೇ ತಪ್ಪನ್ನು ಪ್ರತಿವರ್ಷ ನನ್ನ ಕ್ಲಾಸಿನ ಮಕ್ಕಳೂ ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ‘ತಳ್ಳಿಹಾಕಲು ಆಗಲಿಲ್ಲ, ಆದ್ದರಿಂದ ವಸ್ತು ಗಟ್ಟಿಯಾಗಿದೆ.’ ಓದಿದರೆ ಕಾಗದ ಹರಿದು ಬಿಸಾಡುವಷ್ಟು ಕೋಪ ಬರುತ್ತದೆ. ಬೆಕ್ಕು ಹಾಲು ಕುಡಿದದ್ದನ್ನು ಯಾರೂ ನೋಡಲಿಲ್ಲ ಎಂದ ಮಾತ್ರಕ್ಕೆ ಬೆಕ್ಕು ಉಪವಾಸ ಇತ್ತೆಂದು ಅರ್ಥವೇ? ನನಗೆ ಗೊತ್ತಾಗಲಿಲ್ಲ ಎನ್ನುವುದೂ ಒಂದು ಉತ್ತರ ಎಂದು ಈ ಜನಕ್ಕೆ ಯಾವಾಗ ತಿಳಿಯುವುದು? ನಾನು ಇಷ್ಟನ್ನೂ ಕೈಬೀಸಿ ವಿವರಿಸುವಾಗ ಮೇಸ್ತ್ರಿ ನಗುತ್ತಿದ್ದರು. ಅದನ್ನು ಕಂಡು ಸಿಟ್ಟು ಇನ್ನೂ ನೆತ್ತಿಗೇರಿತು.

ಅಕ್ಕ ಮಾತ್ರ ಇಳಿಸಿದ ಕಲ್ಲಿನ ಮೇಲೆ ಕೂತು ಕೇಳುತ್ತಿದ್ದಳು. ಕೊನೆಗೆ, “ಹೆಚ್ಚು ಕಲ್ಲು ಒಡೆದಿದ್ರೆ ಸರಿಯಾಗಿ ಗೊತ್ತಾಗ್ತಿತ್ತಾ?” ಎಂದಳು.

“ಖಂಡಿತ. ಮೂವತ್ತು ಇದ್ದಿದ್ದರೆ ಎಷ್ಟೋ ವಾಸಿ ಇತ್ತು.”

“ಮತ್ತೆ ಆರೇ ಯಾಕೆ ತಕೊಂಡು ಹೋದದ್ದು?”

ನಾನು ಏನೇನೋ ಹೇಳಲು ನೋಡಿದೆ. ಸಮಯ ಇರಲಿಲ್ಲ ಎಂದೆ, ಯಂತ್ರಕ್ಕೆ ಬಿಡುವಿರಲಿಲ್ಲ ಎಂದೆ. ಅಕ್ಕನ ಎದುರು ಸುಳ್ಳು ಚಿಕ್ಕಂದಿನಿಂದಲೂ ನಡೆದದ್ದಿಲ್ಲ. ಏಳನೆಯ ಕಲ್ಲು ಎತ್ತುವಾಗ ಸೊಂಟ ಹಿಡಿಯಿತು ಎಂದು ಬಾಯಿಬಿಟ್ಟೆ. ಮೇಸ್ತ್ರಿಯ ಆಳುಗಳ ಎದುರು ನಾನೇ ಎತ್ತುತ್ತೇನೆ ಎಂದು ಜಂಭ ಕೊಚ್ಚಿದ್ದರಿಂದ, ಆರು ಸಾಕು ಎಂದು ಡಿಕ್ಕಿ ಮುಚ್ಚಿಬಿಟ್ಟಿದ್ದೆ.

“ಈ ಕಲ್ಲಿನ ಗೋಡೆಯ ಅಡಿಯಲ್ಲಿ ನೀನು ಮಲಗ್ತೀಯಾ?”

ನಾನು ಸೊಂಟ ನೀವಿಕೊಂಡೆ. ಅಕ್ಕ ಎದ್ದು, “ಸದಾಶಿವಣ್ಣ, ಲೋಡು ವಾಪಸ್ ತಕೊಂಡು ಹೋಗಿ” ಎಂದಳು. ನನ್ನ ಕಡೆ ತಿರುಗಿ, “ನೀನು ಪರೀಕ್ಷೆ ಮಾಡಿದ್ದು ಕಲ್ಲಿನದ್ದಲ್ಲ ಮಾರಾಯ, ನಿನ್ನ ಸೊಂಟದ್ದು” ಎಂದಳು.

ಆ ಮಾತಿಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೆ ಎದ್ದು ನಿಂತು ಸಿಟ್ಟು ಮಾಡುವ ಸ್ಥಿತಿಯಲ್ಲಿ ನಾನಿಲ್ಲ. ಬೆನ್ನಿಗೆ ಎಣ್ಣೆ ಹಚ್ಚಿಕೊಂಡು, ಕಡಿಯಾಳಿಯ ನಮ್ಮ ಮನೆಯಲ್ಲಿ ಬೋರಲು ಮಲಗಿ ಇದನ್ನು ಬರೆಯುತ್ತಿದ್ದೇನೆ. ಆ ಸೊಂಟದ ಪರೀಕ್ಷೆಗೆ ಮೂವತ್ತು ಸ್ಯಾಂಪಲ್ ಬೇಕಾಗಲಿಲ್ಲ. ಒಂದೇ ಸಾಕಾಯಿತು.