ಮಲಗಿದ್ದವನ ಪಗಾರ

ಕಾಯಿಲೆ ಬಿದ್ದವನಿಗೆ ನಗೋದಕ್ಕೆ ಏನಿರುತ್ತೆ ಅಂತ ಕೇಳುವವರು ನಮ್ಮ ಊರಲ್ಲಿ ಕಾಯಿಲೆ ಬಿದ್ದವರಲ್ಲ. ಇಲ್ಲಿ ಒಬ್ಬ ಹಾಸಿಗೆ ಹಿಡಿದರೆ ಸಾಕು, ಗಟ್ಟಿಮುಟ್ಟಾಗಿರುವವರೆಲ್ಲ ಸೇರಿ ದಿನಕ್ಕೊಂದು ಎಡವಟ್ಟು ಮಾಡುತ್ತಲೇ ಇರುತ್ತಾರೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ದುಡಿಯುತ್ತಿದ್ದೆ. ಒಂದು ದಿನ ಕೆಮ್ಮಿದಾಗ ಕರ್ಚೀಫು ಕೆಂಪಾಯಿತು. ಟಿ.ಬಿ. ಅಂದರು. ತಿಂಗಳುಗಟ್ಟಲೆ ಸೂಜಿ, ಮಾತ್ರೆ, ಹಾಲು, ಮೊಟ್ಟೆ. ಕೆಲಸದ ಹೆಸರೇ ಎತ್ತಬಾರದು ಅಂತ ಡಾಕ್ಟರ ಅಪ್ಪಣೆಯಾಯಿತು. ಹರಪನಹಳ್ಳಿ ಹತ್ತಿರದ ನಮ್ಮೂರಿಗೆ ಬಂದು ಮಲಗಿದೆ. ಮನೆಯಲ್ಲಿ ಅವ್ವ, ನಾನು, ಇಬ್ಬರೇ. ನನ್ನ ಪಗಾರದಲ್ಲಿ ಮುರಿದುಕೊಳ್ಳುತ್ತಿದ್ದ ಕಾರ್ಮಿಕರ ವಿಮೆ ಒಂದಿತ್ತು. ಡಾಕ್ಟರ ಚೀಟಿ ಕಳಿಸಿದಂತೆಲ್ಲ ಅಲ್ಲಿಂದ ಅರ್ಧ ಪಗಾರ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಅದು ನಿಂತರೆ ನಾನು ಎದ್ದು ಮತ್ತೆ ಹತ್ತಿಯ ಧೂಳಿಗೇ ಹೋಗಬೇಕಿತ್ತು. ಹೋಗಿದ್ದರೆ ಇದನ್ನೆಲ್ಲ ಹೇಳುವುದಕ್ಕೆ ಉಳಿಯುತ್ತಿರಲಿಲ್ಲ.

ಅಜ್ಜನ ಕೆಮ್ಮು

ಮೊದಲ ಮನಿಯಾರ್ಡರು ಬಂದ ದಿನ ಓಣಿಯೇ ನಮ್ಮ ಜಗಲಿ ಮೇಲಿತ್ತು. ಅಂಚೆಯಣ್ಣ ನೋಟು ಎಣಿಸಿ ನನ್ನ ಕೈಗಿಟ್ಟ. ಪಕ್ಕದ ಮನೆಯ ಅಜ್ಜನಿಗೆ ತಡೆಯಲಾಗಲಿಲ್ಲ.

"ಯಾವ ಕೆಲಸದ ರೊಕ್ಕಪಾ ಇದು?"

"ಕೆಲಸದ್ದಲ್ಲಜ್ಜ. ಕಾಯಿಲಿ ಬಿದ್ದು ಮಲಗ್ಯಾನಲ್ಲ, ಅದಕ್ಕ ಕೊಡ್ತಾರ" ಅಂದ ಅಂಚೆಯಣ್ಣ.

"ಅವಂಗೇನಾಗೇತಿ? ಬರೇ ಕೆಮ್ಮು ಅಲ್ಲೇನು?"

"ಹೂಂ, ಕೆಮ್ಮೇ ಅನ್ಕ."

ಅಜ್ಜ ಎಲ್ಲರ ಕಡೆ ತಿರುಗಿ, "ನಲವತ್ತು ವರ್ಷದಿಂದ ಕೆಮ್ಮಾಕತ್ತೀನಿ. ನಮ್ಮ ಸೊಸಿ ಒಂದು ಲೋಟ ಬಿಸಿನೀರು ಕೊಟ್ಟಾಳೇನು ಕೇಳ್ರಿ!" ಅಂದ.

ಮಾರನೇ ದಿನದಿಂದ ಅಂಚೆಯ ಸೈಕಲ್ಲಿನ ಗಂಟೆ ಕೇಳಿದ ಕೂಡಲೇ ಅಜ್ಜ ಹೊರಗೆ ಬಂದು ಕೂತು, ಎದೆ ಹಿಡಿದುಕೊಂಡು, ಓಣಿ ನಡುಗುವಂತೆ ಕೆಮ್ಮತೊಡಗಿದ. ವಾರಗಟ್ಟಲೆ ನೋಡಿದ ಅಂಚೆಯಣ್ಣ ಒಂದು ದಿನ ಸೈಕಲ್ ನಿಲ್ಲಿಸಿ ಕನಿಕರದಿಂದ ಹೇಳಿದ: "ಅಜ್ಜಾ, ಇವತ್ತು ಸುಮ್ನಿರು. ಚೀಲದಾಗ ಬರೇ ಕಾರ್ಡು ಅದಾವು."

ಪೌಡರು ಹಚ್ಚಿದ ರೋಗಿ

ಮೂರು ತಿಂಗಳಿಗೊಮ್ಮೆ ದಾವಣಗೆರೆಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಬೇಕು. ಅವರು 'ಇನ್ನೂ ವಾಸಿಯಾಗಿಲ್ಲ' ಅಂತ ಬರೆದರೆ ಹಣ ಮುಂದುವರಿಯುತ್ತದೆ. ಆದರೆ ಕಚೇರಿಗೆ ಹೋಗುವುದು ಅಂದರೆ ನಮ್ಮ ಕಡೆ ಬೀಗರ ಮನೆಗೆ ಹೋದ ಹಾಗೆ. ಅವ್ವ ನನ್ನ ಗಡ್ಡ ಬೋಳಿಸಿ, ತಲೆಗೆ ಎಣ್ಣೆ ಹಾಕಿ, ಇಸ್ತ್ರಿ ಅಂಗಿ ತೊಡಿಸಿ, ಸಾಲದ್ದಕ್ಕೆ ಮುಖಕ್ಕೆ ಪೌಡರು ಬಳಿದಳು.

"ಅವ್ವಾ, ನಾನು ರೋಗಿ ಅಂತ ತೋರಿಸಾಕ ಹೊಂಟೀನಿ" ಅಂದೆ.

"ರೋಗಿ ಆದ್ರ ಮನಿತನದ ಮಾನ ಹೋಗಬೇಕೇನು? ಸುಮ್ನ ನಿಂದ್ರು" ಅಂತ ಇನ್ನೊಂದು ಕೈ ಪೌಡರು ಹಚ್ಚಿದಳು.

ಜೊತೆಗೆ ಸೋದರಮಾವ ಬಂದ. ಕಟ್ಟೆ ಮೇಲೆ ಕೂತು ಬೀಡಿ ಸೇದುವುದು ಬಿಟ್ಟರೆ ಅವನಿಗೆ ಬೇರೆ ಉದ್ಯೋಗವಿರಲಿಲ್ಲ. ಆಳು ಬೆತ್ತದ ಹಾಗೆ ತೆಳ್ಳಗೆ. ಬಸ್ಸಿನಲ್ಲಿ ಕಿಟಕಿ ಸೀಟು ಬಿಟ್ಟುಕೊಡದೆ ಕೂತು ದಾವಣಗೆರೆ ಮುಟ್ಟುವ ಹೊತ್ತಿಗೆ ಧೂಳಿನಲ್ಲಿ ಮುಳುಗೆದ್ದಿದ್ದ. ಡಾಕ್ಟರು ಇಬ್ಬರನ್ನೂ ನೋಡಿದರು. ನನಗೆ, "ನೀವು ಹೊರಗೆ ಕೂತುಕೊಳ್ಳಿ" ಅಂದರು. ಮಾವನ ತೋಳು ಹಿಡಿದು ಮೆತ್ತಗೆ ಒಳಗೆ ನಡೆಸಿಕೊಂಡು ಹೋದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಮುಚ್ಚಿತು. ಮಾವನೋ, ದೊಡ್ಡವರಿಗೆ ಎದುರಾಡಬಾರದು ಎಂದು ಕಲಿತವನು. ಅಂಗಿ ಬಿಚ್ಚು ಅಂದರೆ ಬಿಚ್ಚಿದ, ಉಸಿರು ಎಳಿ ಅಂದರೆ ಎಳೆದ.

ನಾನು ಕಂಪೌಂಡರನ್ನು ಗೋಗರೆದು ಬಾಗಿಲು ತೆಗೆಸುವ ಹೊತ್ತಿಗೆ ಮಾವ ನಗುತ್ತಾ ಎದುರಾದ.

"ಇನ್ನಾರು ತಿಂಗಳು ಒಂದು ಕಡ್ಡೀನೂ ಎತ್ತಿಡಬಾರದು ಅಂದ್ರು ಡಾಕ್ಟ್ರು. ಲಗ್ನ ಆದಾಗಿಂದ ಅದನ್ನೇ ಪಾಲಿಸ್ಕೊಂಡು ಬಂದೀನ್ರಿ ಅಂದೆ!"

ಗ್ರಹಣ ಹಿಡಿದ ಎಕ್ಸ್‌ರೇ

ಆ ಸಲ ಡಾಕ್ಟರು ನಕ್ಕು, ನನ್ನನ್ನೂ ಒಳಗೆ ಕರೆದು ನೋಡಿ, ಹಣ ಮುಂದುವರಿಸಿದರು. ಮುಂದಿನ ಸಲ ಪೌಡರಿಲ್ಲದೆ, ಹಳೆಯ ಎಕ್ಸ್‌ರೇ ತಪ್ಪದೆ ತರಬೇಕು ಅಂತ ಹೇಳಿ ಕಳಿಸಿದರು.

ಎಕ್ಸ್‌ರೇ ಜೋಪಾನವಾಗಿ ಗೋಡೆಯ ಮೊಳೆಗೆ ತೂಗಿಹಾಕಿದ್ದೆ. ಅಷ್ಟರಲ್ಲಿ ಸೂರ್ಯಗ್ರಹಣ ಬಂತು. ಊರವರೆಲ್ಲ ಬಾಗಿಲು ಹಾಕಿಕೊಂಡು ಕೂರುವ ತಯಾರಿಯಲ್ಲಿದ್ದರೆ, ನಮ್ಮ ಶಾಲೆಯ ಹೆಡ್‌ಮಾಸ್ತರು ಮಾತ್ರ ಹುಡುಗರಿಗೆ ಗ್ರಹಣ ತೋರಿಸಿಯೇ ಸಿದ್ಧ ಅಂತ ಹಟ ಹಿಡಿದಿದ್ದರು. ಬರಿಗಣ್ಣಲ್ಲಿ ನೋಡಬಾರದಲ್ಲ, ಕಪ್ಪು ಫಿಲ್ಮು ಬೇಕು. ನಾನು ಮಾತ್ರೆಯ ಮಂಪರಿನಲ್ಲಿ ಮಲಗಿದ್ದಾಗ ಬಂದು ಅವ್ವನನ್ನು ಕೇಳಿದ್ದಾರೆ. ಊರಿಗೆ ಉಪಯೋಗವಾಗುತ್ತದೆ ಎಂದು ಅವ್ವ ಹಿಗ್ಗಿ ಕೊಟ್ಟುಬಿಟ್ಟಿದ್ದಾಳೆ. ಒಂದು ಫಿಲ್ಮು ಎಲ್ಲರಿಗೂ ಸಾಲದು ಎಂದು ಅವರು ಅದನ್ನು ಕತ್ತರಿಸಿ ಹಂಚಿದ್ದಾರೆ.

ನಾನು ಎದ್ದು ವಿಷಯ ತಿಳಿದು ಮನೆಮನೆಗೆ ಹೋಗಿ ನನ್ನ ಎದೆಯ ತುಂಡುಗಳನ್ನು ಆಯ್ದು ತಂದೆ. ಅವ್ವ ಕೌದಿ ಹೊಲಿಯುವ ದಾರದಲ್ಲಿ ಹೊಲಿದುಕೊಟ್ಟಳು. ದಾವಣಗೆರೆಯಲ್ಲಿ ಡಾಕ್ಟರು ಆ ಕೌದಿಯನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು.

"ಎಡಗಡೆ ಮೇಲಿನ ಭಾಗ ಎಲ್ಲಯ್ಯಾ? ನಿನ್ನ ರೋಗ ಇರೋದೇ ಅಲ್ಲಿ!"

"ಅದು ಹೆಡ್‌ಮಾಸ್ತರ ಹತ್ರ ಐತ್ರಿ ಸಾರ್. ಇನ್ನೊಂದು ಗ್ರಹಣ ನೋಡಿ ಕೊಡ್ತೀನಿ ಅಂದಾರ."

ಅವ್ವನ ಹೇಳಿಕೆ

ಹೊಸ ಎಕ್ಸ್‌ರೇ ತೆಗೆದು ಹಣ ಮುಂದುವರಿಸಿದರು, ಸರಿ. ಆದರೆ ಇದೆಲ್ಲಕ್ಕಿಂತ ಮೇಲೆ ಇನ್ನೊಬ್ಬರಿದ್ದರು. ಹೇಳದೆ ಕೇಳದೆ ಮನೆಗೇ ಬಂದು, ರೋಗಿ ನಿಜವಾಗಿ ಮಲಗಿದ್ದಾನೋ, ಇಲ್ಲ ವಿಮೆಯ ಹಣವನ್ನೂ ತಿಂದು ಬೇರೆ ಕಡೆ ದುಡಿಯುತ್ತಿದ್ದಾನೋ ಅಂತ ವಿಚಾರಿಸುವ ಅಧಿಕಾರಿ. ಅವರು ಒಂದು ಸಾಲು ಬರೆದರೆ ಹಣ ನಿಂತಂತೆಯೇ. ಗಿರಣಿಯಲ್ಲಿ ಎಲ್ಲರೂ ಅವರಿಗೆ ಹೆದರುತ್ತಿದ್ದರು.

ಅವ್ವನಿಗೆ ಇಂಥವರೊಬ್ಬರು ಇದ್ದಾರೆಂದೇ ಗೊತ್ತಿರಲಿಲ್ಲ. ಅವಳ ತಲೆಯಲ್ಲಿದ್ದದ್ದು ನನ್ನ ಲಗ್ನ. ವಾಸಿಯಾಗುವ ತನಕ ಆ ಮಾತೇ ಬೇಡ ಅಂತ ನಾನು ಎಷ್ಟು ಹೇಳಿದರೂ ಬಂಧುಬಳಗದಲ್ಲೆಲ್ಲ ಹೇಳಿಟ್ಟಿದ್ದಳು. ನಮ್ಮ ಕಡೆ ಹೆಣ್ಣಿನವರು ಮೊದಲು ಒಬ್ಬ ಹಿರಿಯರನ್ನು ಕಳಿಸುತ್ತಾರೆ. ಅವರು ಬಂದ ಉದ್ದೇಶದ ಬಗ್ಗೆ ಬಾಯಿ ಬಿಡುವುದಿಲ್ಲ. ಹುಡುಗ ಹೇಗೆ, ಏನು ಮಾಡುತ್ತಾನೆ, ಮೈಕೈ ಗಟ್ಟಿಯೋ ಅಂತ ವಿಚಾರಿಸುತ್ತಾರೆ. ಮನೆಯವರೂ ಏನೂ ತಿಳಿಯದವರಂತೆ ಉತ್ತರ ಕೊಡುತ್ತಾರೆ.

ಒಂದು ಬೆಳಿಗ್ಗೆ ಬಿಳಿ ಅಂಗಿ, ಕೊಡೆ, ಕಪ್ಪು ಚೀಲದ ಹಿರಿಯರೊಬ್ಬರು ಬಾಗಿಲಿಗೆ ಬಂದು, "ನಿಮ್ಮ ಮಗನ ಬಗ್ಗೆ ಸ್ವಲ್ಪ ವಿಚಾರಿಸಬೇಕಿತ್ತಮ್ಮಾ" ಅಂದರು. ಅವ್ವ ಒಳಗೆ ಓಡಿಬಂದು ನನ್ನ ಬಾಯಿಗೆ ಟವೆಲು ತುರುಕಿದಳು. "ಹೆಣ್ಣಿನ ಕಡ್ಯಾರು ಬಂದಾರಲೇ. ಕೆಮ್ಮಿಗಿಮ್ಮೀಯ ಮತ್ತ!" ಅಂತ ಕೋಣೆಯ ಬಾಗಿಲು ಎಳೆದುಕೊಂಡು ಹೋದಳು. ಒಗ್ಗರಣೆ ಮಂಡಕ್ಕಿ ಮುಂದಿಟ್ಟಳು. ನಾನು ಟವೆಲು ಕಚ್ಚಿಕೊಂಡು ಕೇಳುತ್ತಿದ್ದೆ.

"ಮಗನ ಆರೋಗ್ಯ ಹೇಗಿದೆಯಮ್ಮಾ?"

"ಕಲ್ಲು ಕಲ್ಲು ಇದ್ದಂಗದಾನ ನೋಡ್ರಿ. ಹುಟ್ಟಿದಾಗಿಂದ ತಲಿ ನೋವು ಅಂದಾಂವಲ್ಲ."

"ಹೊಲದ ಕೆಲಸ ಏನಾದರೂ ಮಾಡುತ್ತಾನೋ?"

"ಎರಡಾಳಿನ ಕೆಲಸ ಒಬ್ನೇ ಮಾಡ್ತಾನ್ರಿ. ಮೊನ್ನಿ ಸಂತಿಯಿಂದ ಶೇಂಗಾ ಚೀಲ ಹೆಗಲ ಮ್ಯಾಲೆ ಹೊತ್ಕೊಂಡು ಬಂದ."

"ಹಾಗಾದರೆ ಗಿರಣಿಗೆ ಯಾಕೆ ಹೋಗುತ್ತಿಲ್ಲ?"

"ಅವಂಗೇನು ಗಿರಣಿಗೆ ಹೋಗೋ ಕರ್ಮ? ಪಗಾರ ಪೋಸ್ಟಿನವರೇ ಮನೀಗೆ ತಂದು ಕೊಡ್ತಾರ!"

ಪೆನ್ನು ಸರಸರ ಓಡುವ ಸದ್ದು ಕೇಳಿಸಿತು. ಹೆಣ್ಣಿನ ಕಡೆಯವರು ಯಾಕೆ ಬರೆದುಕೊಳ್ಳುತ್ತಾರೆ ಅಂತ ನಾನು ಯೋಚಿಸುತ್ತಿರುವಾಗಲೇ, "ಅವನ ವಿಮಾ ನಂಬರಿನ ಚೀಟಿ ಇದ್ದರೆ ಕೊಡಿ" ಅನ್ನುವುದು ಕಿವಿಗೆ ಬಿತ್ತು. ಟವೆಲು ಎಸೆದು ಹೊರಗೆ ಓಡಿದೆ. ಅಷ್ಟು ಹೊತ್ತು ತಡೆದಿದ್ದ ಕೆಮ್ಮೆಲ್ಲ ಒಟ್ಟಿಗೇ ಬಂದು, ಅವರ ಕಾಲ ಹತ್ತಿರ ಕುಸಿದು ಕೂತೆ.

"ಅವ್ವಾ, ಇವರು ಹೆಣ್ಣಿನ ಕಡ್ಯಾರಲ್ಲ. ವಿಮಾ ಆಫೀಸಿನ ಸಾಹೇಬ್ರು. ರೊಕ್ಕ ನಿಲ್ಲಸಾಕ ಬಂದಾರ!"

ಅವ್ವ ಕೂಡಲೇ ತಲೆ ಮೇಲೆ ಸೆರಗು ಹೊದ್ದು ಸೂರು ಹಾರುವಂತೆ ಅಳಲು ಶುರುಮಾಡಿದಳು. "ನಂಬಬ್ಯಾಡ್ರಿ ಸಾಹೇಬ್ರ, ನಾ ಹೇಳಿದ್ದು ಒಂದೂ ಖರೇ ಅಲ್ಲ! ಇವ ಶೇಂಗಾ ಚೀಲ ಅಲ್ಲ, ಶೇಂಗಾಕಾಳೂ ಎತ್ತಾಕಾಗಲ್ರಿ!"

ಸಾಹೇಬರು ನನ್ನನ್ನು ಎಬ್ಬಿಸಿ ಕೂರಿಸಿದರು. ಸೂಜಿಯ ಗುರುತು, ಮಾತ್ರೆಯ ಡಬ್ಬಿ, ಡಾಕ್ಟರ ಚೀಟಿ ಎಲ್ಲ ನೋಡಿದರು. ನಾನು ಇವತ್ತು ಇದನ್ನು ಬರೆಯುತ್ತಾ ಕೂತಿದ್ದೇನೆ ಅಂದಮೇಲೆ ಅವರು ಕೊನೆಗೆ ಏನು ಬರೆದರು ಅಂತ ನಿಮಗೆ ಗೊತ್ತೇ ಇದೆ. ಪೂರ್ತಿ ವಾಸಿಯಾಗುವವರೆಗೂ ಹಣ ಬಂತು. ಆ ಪುಣ್ಯಾತ್ಮನನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಆದರೆ ಬರೆಯುವ ಮುಂಚೆ ಅವರು ನಗು ನುಂಗಿಕೊಂಡು, ಪೆನ್ನು ಎತ್ತಿ ಹಿಡಿದು, ಅವ್ವನನ್ನೇ ಕೇಳಿದರು: "ಅಮ್ಮಾ, ಆಗ ಒಂದು ಹೇಳಿದಿರಿ, ಈಗ ಒಂದು ಹೇಳುತ್ತೀರಿ. ಯಾವುದನ್ನು ಬರೆದುಕೊಳ್ಳಲಿ?"

ಅವ್ವ ಕಣ್ಣೊರೆಸಿಕೊಂಡು, ಮಂಡಕ್ಕಿಯ ತಟ್ಟೆಯನ್ನು ಇನ್ನಷ್ಟು ಅವರ ಹತ್ತಿರ ಸರಿಸಿದಳು.

"ರೊಕ್ಕ ಕೊಡಂಗಿದ್ರ ಜಡ್ಡು ಐತಿ ಅಂತ ಬರಕೊಳ್ರಿ. ನಿಮ್ಮ ಕಡಿ ಹೆಣ್ಣು ಕೊಡಂಗಿದ್ರ ಮೊದ್ಲು ಹೇಳಿದ್ದೇ ಇರಲಿ, ಗೀಟು ಹೊಡೀಬ್ಯಾಡ್ರಿ."