ಸೋತವನ ಎಲೆತಟ್ಟೆ

ನಿಶಾಕರ ಪಟ್ಟನಾಯಕರು ಜೀವಮಾನದಲ್ಲಿ ಮೊದಲ ಸಲ ಚದುರಂಗದಲ್ಲಿ ಗೆದ್ದರು. ಅಂದಿನ ಫಜೀತಿಯೆಲ್ಲ ಶುರುವಾದದ್ದೇ ಅಲ್ಲಿಂದ.

ನಮ್ಮ ಕುಸುಮಗಡದ ವಕೀಲರ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ಕೋರ್ಟು ಬಿಟ್ಟ ಮೇಲೆ ಚದುರಂಗ. ಸೋತವನು ನೆಲದ ಮೇಲೆ ಕೂತು ಕತ್ತಲಾಗುವ ತನಕ ಎಲ್ಲರಿಗೂ ಎಲೆಅಡಿಕೆ ಮಡಿಸಿ ಕೊಡಬೇಕು, ಅವರು ಬೈದದ್ದನ್ನೆಲ್ಲ ಕೇಳಿಸಿಕೊಳ್ಳಬೇಕು. ವಕೀಲರಾಗಿದ್ದಷ್ಟು ಕಾಲ ನಿಶಾಕರ ಬಾಬುಗಳ ಬೆರಳಿನಿಂದ ಸುಣ್ಣ ಹೋದದ್ದೇ ಇಲ್ಲ. ಆಮೇಲೆ ಚುನಾವಣೆಗೆ ನಿಂತು ಗೆದ್ದರು, ಒರಿಸ್ಸಾ ಪ್ರಾಂತ್ಯಕ್ಕೆ ಮಂತ್ರಿಯಾಗಿ ಕಟಕಕ್ಕೆ ಹೋದರು. ಬೆರಳು ಚೊಕ್ಕಟವಾಯಿತು.

ಅಲ್ಲಿ ದೊಡ್ಡ ಬಂಗಲೆ, ಬಾಗಿಲಿಗೊಬ್ಬ ಡವಾಲಿ ಜವಾನ. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ರಾತ್ರಿ ತಂಗಳನ್ನದ ಪಖಾಳವನ್ನು ಒಬ್ಬರೇ ಕೂತು ಉಣ್ಣಬೇಕು. ಬರುವವರಿಗೇನೂ ಕಮ್ಮಿಯಿಲ್ಲ, ಆದರೆ ಬಂದವರೆಲ್ಲ ಕೈಕಟ್ಟಿ ನಿಂತೇ ಮಾತಾಡುವವರು. ಕೂತು ಬೈಯುವವನೊಬ್ಬನಿಲ್ಲದೆ ಮನುಷ್ಯ ಒಣಗಿಹೋಗಿದ್ದರು. ಅದಕ್ಕೇ ಒಂದು ದಿನದ ಮಟ್ಟಿಗೆ ಊರಿಗೆ ಬಂದದ್ದು. ಒಂದು ಆಟ ಸೋತು, ಎಲೆತಟ್ಟೆ ಹಿಡಿದು ಹಳೆಯ ಜಾಗದಲ್ಲಿ ಕೂರಬೇಕು, ಅಷ್ಟೇ ಆಸೆ.

ಮೊದಲು ಎದುರು ಕೂತವರು ಲೋಕನಾಥ ಮಿಶ್ರರು. ಅವರಿಗೆ ಸರ್ಕಾರಿ ವಕೀಲನಾಗುವ ಕನಸು. ಕಣ್ಣು ಮಿಟುಕಿಸುವಷ್ಟರಲ್ಲಿ ಸೋತು, ಇಂಥಾ ಆಟ ತಾವು ಕಂಡೇ ಇಲ್ಲವೆಂದು ಕೆನ್ನೆ ಬಡಿದುಕೊಂಡರು. ಎರಡನೆಯ ಆಟಕ್ಕೆ ನಿಶಾಕರರು ತಮ್ಮ ರಾಜನನ್ನು ಬೇಕೆಂದೇ ಬಯಲಲ್ಲಿ ನಿಲ್ಲಿಸಿದರು. ಮಿಶ್ರರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಸಂಜೆಯಾದರೆ ತಮಗೆ ಏನೂ ಕಾಣುವುದಿಲ್ಲ ಎಂದರು. ಆಮೇಲೆ ಕೂತ ವಕೀಲ ಚೈತನ್ಯ ದಾಸರಿಗೆ ಗೆಲ್ಲುವ ಹೊತ್ತಿಗೆ ಹೊಟ್ಟೆನೋವು ಬಂತು. ಸುದ್ದಿ ಕೇಳಿ ಓಡಿಬಂದ ಮುನ್ಸೀಫರಂತೂ ಕಾಯಿ ಮುಟ್ಟುವ ಮೊದಲೇ ಸೋಲೊಪ್ಪಿಕೊಂಡರು.

ಬೇಸತ್ತ ಮಂತ್ರಿಗಳು ತಾವಾಗಿ ಎಲೆತಟ್ಟೆಗೆ ಕೈಹಾಕಿದರು. ಕೋಣೆಯಲ್ಲಿದ್ದವರೆಲ್ಲ ಅದನ್ನು ಕಿತ್ತುಕೊಳ್ಳಲು ಹಾರಿದರು. ಸುಣ್ಣದ ಡಬ್ಬಿ ಉರುಳಿ ಮಂತ್ರಿಗಳ ಖಾದಿ ಶಾಲಿನ ಮೇಲೆಲ್ಲ ಬಿತ್ತು. ಒರೆಸುವುದಕ್ಕೆ ನೂಕುನುಗ್ಗಲಾಯಿತು. ನಿಶಾಕರರಿಗೆ ಅಳು ಬರುವುದೊಂದು ಬಾಕಿ.

ಮೂಲೆಯಲ್ಲಿ ಮೊದಲಿನಿಂದ ಸುಮ್ಮನೆ ಎಲೆ ಜಗಿಯುತ್ತಾ ಕೂತಿದ್ದವರು ಅವರ ಬಾಲ್ಯದ ಗೆಳೆಯ ಬ್ರಜಸುಂದರ ಮಹಾಂತಿ. ಅವರು ಎದ್ದು ಬಂದು ಎದುರು ಕೂತರು.

"ಲೇ ನಿಶಾ, ಕಾಯಿ ಜೋಡ್ಸು. ಮಂತ್ರಿ ಆದ್ಮಾತ್ರಕ್ಕೆ ಕುದುರೆ ನಡೆಸೋಕೆ ಬಂದ್ಬಿಡುತ್ತಾ? ಆಗ್ಲೂ ದಡ್ಡ, ಈಗ್ಲೂ ದಡ್ಡ."

ಮಿಶ್ರರು ಮೆಲ್ಲಗೆ ಚಪ್ಪಲಿ ಹುಡುಕಿದರು. ಇದಕ್ಕೆ ಸಾಕ್ಷಿಯಾಗುವುದೇ ಬೇಡವೆಂದು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಬ್ರಜಸುಂದರರು ಗೆದ್ದರು, ಮತ್ತೆ ಗೆದ್ದರು, ಪ್ರತಿ ನಡೆಗೂ ಬೈದರು.

"ತಗೋ ತಟ್ಟೆ. ಹೋದ್ಸಲದ ಹಾಗೆ ಸುಣ್ಣ ಜಾಸ್ತಿ ಹಚ್ಚಿ ನನ್ನ ನಾಲಗೆ ಸುಟ್ಟೀಯ, ಹುಷಾರು."

ಮಂತ್ರಿಗಳು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎಲೆಗೆ ಸುಣ್ಣ ಹಚ್ಚಿದರು. ಕಣ್ಣು ತುಂಬಿ ಬಂತು. ಲೋಕದಲ್ಲಿ ತನ್ನವನೊಬ್ಬ ಇನ್ನೂ ಉಳಿದಿದ್ದಾನೆ ಎಂದುಕೊಂಡರು. ಮಡಿಸಿದ ಎಲೆಯನ್ನು ಗೆಳೆಯನತ್ತ ಚಾಚಿದರು.

ಬ್ರಜಸುಂದರರು ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ಉತ್ತರೀಯ ಸರಿಮಾಡಿಕೊಂಡು ಎದ್ದು, ಕೈಕಟ್ಟಿ ನಿಂತರು.

"ಆಜ್ಞಾ, ಮಹಾಸ್ವಾಮಿ, ನಮ್ಮ ಅಳಿಯನಿಗೆ ಸಬ್‌ರಿಜಿಸ್ಟ್ರಾರ್ ಕೆಲಸ ಒಂದು... ಮೊದಲಿನಿಂದ ನೋಡ್ತಾನೇ ಇದ್ದೆ. ಈ ಪೆದ್ದರಿಗೆ ತಮ್ಮ ಮನಸ್ಸು ತಿಳೀಲಿಲ್ಲ. ತಮಗೆ ಬೈಸ್ಕೊಳ್ಳೋದು ಇಷ್ಟ ಅಂತ ನನಗೊಬ್ಬನಿಗೇ ಹೊಳೀತು."

ನಿಶಾಕರರು ಬೆರಳಿನ ಸುಣ್ಣವನ್ನು ಶಾಲಿಗೆ ಒರೆಸಿಕೊಂಡರು. ಆಗಲಿ, ನೋಡೋಣ ಅಂದರು. ಕಟಕದ ರೈಲಿಗೆ ಇನ್ನೂ ಸಮಯವಿತ್ತು.

"ಇನ್ನೊಂದಾಟ ಆಡೋಣ್ವೇನೋ, ಬ್ರಜ?"

ಬ್ರಜಸುಂದರರು ತಕ್ಷಣ ಕೂತು ಕಾಯಿಗಳನ್ನು ಜೋಡಿಸಿದರು. ಜೋಡಿಸಿ, ಕೈ ಮುಗಿದರು.

"ಈ ಸಲ ನಾನು ಗೆಲ್ಲಬೇಕೋ, ಸೋಲಬೇಕೋ? ಅಪ್ಪಣೆಯಾಗ್ಲಿ."