ಹಿಂದೆ ಅಗಲ, ಮುಂದೆ ಸಪೂರ

ಡಲ್ಸಿ ಹ್ಯಾಗರ್ಟ್ ಮದುವೆಯಾದದ್ದು ಕ್ಲೆಮ್‌ನನ್ನು, ಕಟ್ಟಿಕೊಂಡದ್ದು ಏಳು ಗೇಟುಗಳನ್ನು. ಅಂಗಳದಿಂದ ಟಾರು ರಸ್ತೆ ಮುಟ್ಟುವವರೆಗೆ ಗೋಧಿ ಹೊಲ, ಕುರಿ ಬಯಲು, ಮತ್ತೆ ಕುರಿ ಬಯಲು. ಒಂದೊಂದಕ್ಕೂ ಒಂದು ಗೇಟು, ಒಂದೊಂದು ಗೇಟಿಗೂ ಒಂದು ಹಠಮಾರಿ ಸರಪಳಿ. ಆಸ್ಟ್ರೇಲಿಯಾದ ವಿಮ್ಮೆರಾ ಸೀಮೆಯಲ್ಲಿ ಎಲ್ಲರೂ ಒಪ್ಪಿಕೊಂಡ ಕಾನೂನು ಅಂದರೆ ಇದು: ಸ್ಟೀರಿಂಗ್ ಹಿಡಿದವರು ಜಗ್ಗದೆ ಕೂತಿರುತ್ತಾರೆ, ಪಕ್ಕದಲ್ಲಿ ಕೂತವರು ಇಳಿದು ಗೇಟು ತೆಗೆದು, ಕಾರು ದಾಟಿದ ಮೇಲೆ ಮುಚ್ಚಿ, ಓಡಿಬಂದು ಹತ್ತಬೇಕು. ಮೂವತ್ತು ವರ್ಷದಿಂದ ಸ್ಟೀರಿಂಗು ಕ್ಲೆಮ್‌ನದು, ಗೇಟು ಡಲ್ಸಿಯದು. ಮಳೆಯಲ್ಲಿ ತೆಗೆದಿದ್ದಾಳೆ, ಧೂಳಲ್ಲಿ ತೆಗೆದಿದ್ದಾಳೆ, ತಂಗಿಯ ಮದುವೆಗೆ ಹೊರಟ ದಿನ ಎತ್ತರದ ಹಿಮ್ಮಡಿಯ ಹೊಸ ಬೂಟಿನಲ್ಲಿ ಕುರಿಹಿಕ್ಕೆ ತುಳಿದುಕೊಂಡು ತೆಗೆದಿದ್ದಾಳೆ. (ಆ ಮದುವೆಯ ಒಂದು ಫೋಟೋದಲ್ಲೂ ಅವಳ ಪಾದ ಕಾಣುವುದಿಲ್ಲ. ಫೋಟೋ ತೆಗೆದವನು ಮರ್ಯಾದಸ್ಥ.)

ನಾನೂ ಒಂದು ದಿನ ಓಡಿಸುತ್ತೇನೆ ಅಂತ ಅವಳು ಕೇಳದೆ ಇರಲಿಲ್ಲ. ಕೇಳಿದಾಗಲೆಲ್ಲ ಕ್ಲೆಮ್ ಒಂದೇ ಉತ್ತರ ಹೇಳುತ್ತಿದ್ದ: ಇಬ್ಬರಲ್ಲಿ ಯಾರು ಚುರುಕಾಗಿ ಓಡಿಸುತ್ತಾರೋ ಅವರೇ ಓಡಿಸಬೇಕು. ಯಾರು ಚುರುಕು ಅಂತ ತೀರ್ಮಾನಿಸುವ ಸಮಿತಿಯಲ್ಲಿ ಅಧ್ಯಕ್ಷ, ಕಾರ್ಯದರ್ಶಿ, ಸದಸ್ಯ ಎಲ್ಲ ಅವನೇ.

ಹೀಗಿರುವಾಗ ಕಾರಿನ ಟೈರು ಸವೆದವು. ಕಾರು ಅಂದರೆ ಸಾಮಾನ್ಯ ಕಾರಲ್ಲ, ಎಂಟು ಸಿಲಿಂಡರಿನ ಹಳೇ ಸೆಡಾನು, ಕ್ಲೆಮ್‌ನ ಪಟ್ಟದರಾಣಿ. ಅದರ ಎಂಜಿನ್ನಿನ ಶಕ್ತಿಯೆಲ್ಲ ಹೋಗುವುದು ಹಿಂದಿನ ಎರಡು ಚಕ್ರಕ್ಕೆ. ಒಂದು ಬೆಳಿಗ್ಗೆ ಟೋಸ್ಟಿಗೆ ವೆಜಿಮೈಟ್ ಸವರುತ್ತಿದ್ದವನಿಗೆ ದಿವ್ಯಜ್ಞಾನವಾಯಿತು. ಈ ಸಲ ನಾಲ್ಕೂ ಒಂದೇ ಅಳತೆ ಬೇಡ, ಹಿಂದಕ್ಕೆ ಅಗಲದ ಟೈರು, ಮುಂದಕ್ಕೆ ಸಪೂರದ್ದು ಹಾಕಿಸೋಣ, ಶಕ್ತಿ ಇರುವ ಕಡೆ ಹಿಡಿತ ಇರಬೇಕು ಎಂದು ಘೋಷಿಸಿದ.

ಡಲ್ಸಿ ಚಹಾ ಲೋಟ ಕೆಳಗಿಟ್ಟಳು. ಹಾಗೆ ಮಾಡಿದರೆ ಹಿಂದಿನದನ್ನು ಮುಂದಕ್ಕೆ, ಮುಂದಿನದನ್ನು ಹಿಂದಕ್ಕೆ ಬದಲಾಯಿಸಿ ಸಮನಾಗಿ ಸವೆಸುವ ಹಾಗಿಲ್ಲ. ಇರುವ ಒಂದು ಸ್ಟೆಪ್ನಿ ಎರಡು ಚಕ್ರಕ್ಕೆ ಆಗುತ್ತದೆ, ಇನ್ನೆರಡಕ್ಕೆ ಆಗುವುದಿಲ್ಲ ಅಂದಳು. ಕ್ಲೆಮ್ ಟೋಸ್ಟು ಕಡಿದ.

"ಅದೂ ಹೋಗ್ಲಿ," ಅಂದಳು ಡಲ್ಸಿ. "ಹಿಂದಿನ ಟೈರು ನೆಲ ಕಚ್ಕೊಂಡು ಕೂತ್ಕೊಳ್ಳುತ್ತೆ, ಮುಂದಿನದು ಜಾರುತ್ತೆ. ತಿರುಗು ಅಂದ್ರೆ ಕಾರು ತಿರುಗಲ್ಲ, ಮೂತಿ ನೆಟ್ಟಗೆ ಇಟ್ಕೊಂಡು ಹೋಗ್ತಾನೇ ಇರುತ್ತೆ. ನಿನ್ನ ಥರಾನೇ."

"ಟೈರಿನ ವಿಷಯ ನಿಂಗ್ಯಾಕೆ ಮಾರಾಯ್ತಿ? ಗೇಟಿನ ವಿಷಯ ಆಗಿದ್ರೆ ನಿನ್ನನ್ನೇ ಕೇಳ್ತಿದ್ದೆ," ಅಂದ ಕ್ಲೆಮ್.

ಈ ಮಾತು ಅವನು ಆಡಬಾರದಿತ್ತು. ಡಲ್ಸಿಗೆ ಉರಿದುಹೋಯಿತು. ಮೂವತ್ತು ವರ್ಷದ ತುಕ್ಕು ಹಿಡಿದ ಸರಪಳಿಗಳೆಲ್ಲ ಒಟ್ಟಿಗೆ ಅವಳ ಎದೆಯೊಳಗೆ ಝಣಝಣ ಅಂದವು. ಆ ಗುರುವಾರ ಊರಿನ ಕಾರು ಸಂಘದ ಸಭೆಯಲ್ಲಿ, ಇತರೆ ವಿಷಯಗಳು ಅಂತ ಸಂಘದ ಅಧ್ಯಕ್ಷ ಲೆಸ್ಟರ್ ಹೇಳಿದ್ದೇ ತಡ, ಎದ್ದು ನಿಂತಳು. ಈ ವರ್ಷದ ಬಾವುಟದ ಪಂದ್ಯದಲ್ಲಿ ನಾನು ಗಂಡನ ವಿರುದ್ಧ ಓಡಿಸುತ್ತೇನೆ, ಅದೇ ಕಾರು, ಅವನಿಗೆ ಅವನ ಅಗಲದ ಟೈರು, ನನಗೆ ನಾಲ್ಕೂ ಸಮನಾದವು. ಗೆದ್ದವರಿಗೆ ವರ್ಷಪೂರ್ತಿ ಸ್ಟೀರಿಂಗು, ಸೋತವರಿಗೆ ಗೇಟು ಅಂದಳು. ಸಭೆಯಲ್ಲಿದ್ದ ಹೆಂಗಸರೆಲ್ಲ ಮೇಜು ಕುಟ್ಟಿದರು. ಅಷ್ಟು ಜನರೆದುರು ಕ್ಲೆಮ್ ಇಲ್ಲ ಅನ್ನುವುದು ಹೇಗೆ? ನಕ್ಕು ಹೂಂ ಅಂದ.

ಬಾವುಟದ ಪಂದ್ಯ ನಡೆಯುವುದು ಲೆಸ್ಟರ್‌ನ ಹುಲ್ಲು ಕೊಯ್ದ ಬಯಲಿನಲ್ಲಿ. ನೆಟ್ಟ ಬಾವುಟಗಳ ನಡುವೆ ಕಾರನ್ನು ಸುತ್ತಿಸಿ, ಹೊರಳಿಸಿ, ಹಿಂದಕ್ಕೆ ಬಿಟ್ಟು, ಯಾರು ಬೇಗ ಮುಗಿಸುತ್ತಾರೋ ಅವರಿಗೆ ಬಹುಮಾನದ ಕಪ್ಪು. ಬಾವುಟ ಉರುಳಿದರೆ ದಂಡ. ಗಂಡ ಹೆಂಡತಿ ಒಂದೇ ಕಾರು ಹಂಚಿಕೊಂಡು, ನಡುವೆ ಚಕ್ರ ಬದಲಿಸಿಕೊಂಡು ಓಡಿಸುವುದು ಅಲ್ಲಿ ಹೊಸತೇನಲ್ಲ. ಹೊಸತೆಂದರೆ ಹೆಂಡತಿ ಗೆಲ್ಲಲೆಂದು ಬರುವುದು.

ಶನಿವಾರ ಮೊದಲು ಹೊರಟವನು ಕ್ಲೆಮ್. ಆ ಹೊರಡುವಿಕೆಯ ವೈಭವವನ್ನು ಏನೆಂದು ವರ್ಣಿಸುವುದು! ಅಗಲದ ಟೈರುಗಳು ಹುಲ್ಲನ್ನು ಕಚ್ಚಿ ಹಿಡಿದು, ಕಾರು ಗರ್ಜಿಸಿ, ಅಶ್ವಮೇಧದ ಕುದುರೆಯಂತೆ ಚಿಮ್ಮಿತು. ಸೋತೆ, ಇನ್ನೊಂದು ವರ್ಷ ಗೇಟು ಅಂದುಕೊಂಡಳು ಡಲ್ಸಿ. ಅಷ್ಟರಲ್ಲಿ ಮೊದಲ ಬಾವುಟ ಬಂತು. ಕ್ಲೆಮ್ ಸ್ಟೀರಿಂಗ್ ತಿರುಗಿಸಿದ. ಮುಂದಿನ ಚಕ್ರಗಳು ತಿರುಗಿದವು. ಕಾರು ಮಾತ್ರ ತಿರುಗಲಿಲ್ಲ. ಬಾವುಟ ಮಲಗಿಸಿಕೊಂಡು, ಎರಡನೆಯದನ್ನೂ ಮಲಗಿಸಿಕೊಂಡು, ನೇರವಾಗಿ ಚಹಾದ ಮೇಜಿನ ಕಡೆ ನುಗ್ಗಿತು. ಹೆಂಗಸರು ಕೇಕಿನ ತಟ್ಟೆ ಎತ್ತಿಕೊಂಡು ಚದುರಿದರು. ಕಾರು ಮೇಜಿನ ಬಟ್ಟೆಯ ಅಂಚಿಗೆ ಮೂತಿ ತಾಗಿಸಿ ನಿಂತಿತು. ಮತ್ತೆ ಬಯಲಿಗೆ ಹೋಗಿ ಅವನು ಹೇಗೋ ಪಂದ್ಯ ಮುಗಿಸಿದ ಅನ್ನಿ. ಆಮೇಲೆ ಸಿಕ್ಕಸಿಕ್ಕವರಿಗೆ ಹುಲ್ಲು ಒದ್ದೆ ಇತ್ತು ಅಂತ ವಿವರಿಸುತ್ತಿದ್ದ. (ಆ ಬಯಲಿಗೆ ಮಳೆ ಬಿದ್ದು ಎರಡು ತಿಂಗಳಾಗಿತ್ತು.)

ಅವನು ವಿವರಿಸುತ್ತಿರುವಷ್ಟರಲ್ಲಿ ಡಲ್ಸಿ ಜಾಕ್ ಏರಿಸಿ ಚಕ್ರ ಬದಲಿಸಿ ಮುಗಿಸಿದ್ದಳು. ಕ್ಲೆಮ್ ಒಂದು ವಿಷಯ ಮರೆತಿದ್ದ. ದಿನಾ ಬೆಳಿಗ್ಗೆ ಹುಲ್ಲಿನ ಪಿಂಡಿ ಹೇರಿಕೊಂಡು, ನೂರಾರು ಹಸಿದ ಕುರಿಗಳ ನಡುವೆ, ಒಂದರ ಬಾಲಕ್ಕೂ ತಾಗಿಸದೆ ಯೂಟ್ ಅನ್ನುವ ಪಿಕಪ್ ಗಾಡಿ ಓಡಿಸುವವಳು ಅವಳೇ. ಕುರಿ ಯಾವಾಗ ಎತ್ತ ಹಾರುತ್ತದೆ ಅಂತ ಕುರಿಗೇ ಗೊತ್ತಿರುವುದಿಲ್ಲ. ಬಾವುಟವಾದರೋ ಸಭ್ಯ ಪ್ರಾಣಿ, ನೆಟ್ಟಲ್ಲೇ ನಿಂತಿರುತ್ತದೆ.

ಸಮ ಅಳತೆಯ ನಾಲ್ಕು ಟೈರಿನ ಮೇಲೆ ಕಾರು ಅವಳು ಹೇಳಿದ ಹಾಗೆ ಕೇಳಿತು. ಮೂತಿ ಒಳಕ್ಕೆ, ಬಾಲ ಹೊರಕ್ಕೆ, ಮತ್ತೆ ಮೂತಿ ಒಳಕ್ಕೆ. ಹಿಂದಕ್ಕೆ ಬಿಡುವಾಗ ಹೆಗಲ ಮೇಲಿಂದ ನೋಡಿ ಒಂದೇ ಏಟಿಗೆ ತೂರಿಸಿದಳು. ಒಂದು ಬಾವುಟವೂ ಅಲುಗಲಿಲ್ಲ. ಲೆಸ್ಟರ್ ಗಡಿಯಾರ ನೋಡಿ, ಕನ್ನಡಕ ಒರೆಸಿಕೊಂಡು, ಇನ್ನೊಂದು ಸಲ ನೋಡಿದ. ಅವಳು ಕ್ಲೆಮ್‌ನನ್ನು ಮಾತ್ರವಲ್ಲ, ಇಡೀ ಸಂಘವನ್ನೇ ಹಿಂದೆ ಹಾಕಿದ್ದಳು. ಕಪ್ಪೂ ಅವಳದೇ. ಡಲ್ಸಿ ಸ್ಟೀರಿಂಗ್ ಮೇಲೆ ತಲೆಯಿಟ್ಟು ಗಳಗಳ ಅತ್ತಳು, ಆಮೇಲೆ ಬಿದ್ದು ಬಿದ್ದು ನಕ್ಕಳು. ಇಷ್ಟು ಖುಷಿ ಅವಳಿಗೆ ಮದುವೆ ದಿನವೂ ಆಗಿರಲಿಲ್ಲ.

ಮರುದಿನ ಊರಿನ ಪಬ್ಬಿನಲ್ಲಿ ಕಪ್ಪು ಕೊಡುವ ಊಟ. ಡಲ್ಸಿ ಸ್ಟೀರಿಂಗ್ ಹಿಡಿದು ಮಹಾರಾಣಿಯಂತೆ ಕೂತಳು. ಮೊದಲ ಗೇಟಿನಲ್ಲಿ ಕ್ಲೆಮ್ ಸರಪಳಿಯ ಜೊತೆ ಗುದ್ದಾಡಿ ಬೆರಳು ತರಚಿಕೊಂಡ. ಮೂರನೆಯದರಲ್ಲಿ ನೊಣಗಳು ಮುತ್ತಿದವು. ಐದನೆಯದನ್ನು ದಾಟಿದ ಮೇಲೆ ಅವಳು ಬೇಕಂತಲೇ ಕಾರನ್ನು ಇನ್ನಷ್ಟು ಮುಂದೆ ನಿಲ್ಲಿಸಿದಳು. ಒಗೆದು ಇಸ್ತ್ರಿ ಮಾಡಿದ ಅಂಗಿಯಲ್ಲಿ ಅವನು ಏದುಸಿರು ಬಿಡುತ್ತ ಓಡಿಬರುವುದನ್ನು ಕನ್ನಡಿಯಲ್ಲಿ ಕಣ್ತುಂಬ ನೋಡಿದಳು.

"ಗೇಟು ಇಷ್ಟೊಂದು ಭಾರ ಅಂತ ನೀನು ಯಾವತ್ತೂ ಹೇಳ್ಲೇ ಇಲ್ಲ," ಅಂದ ಕ್ಲೆಮ್ ಹತ್ತಿ ಕೂತು.

"ನೀನು ಕೇಳ್ಲಿಲ್ಲ ಮಾರಾಯ," ಅಂದಳು ಡಲ್ಸಿ.

ಪಬ್ಬಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಕಪ್ಪು ಅವಳ ಕೈಗೆ ಬಂತು. ಲೆಸ್ಟರ್ ಗೆದ್ದವಳಿಗೆಂದು ಶಾಂಪೇನ್ ಸುರಿದ. ಪಬ್ಬಿನ ಯಜಮಾನ ಅಭ್ಯಾಸಬಲದಿಂದ ಕ್ಲೆಮ್‌ನ ಮುಂದೆ ಲೆಮನೇಡ್ ತಂದಿಟ್ಟ. ಊರ ಬಾಯಲ್ಲಿ ಪೊಲೀಸರು ಉಪಕರಣ ಹಿಡಿದು ಊದಿಸಲು ನಿಂತಿರುತ್ತಾರಲ್ಲ, ಹಾಗಾಗಿ ಕಾರು ಓಡಿಸುವವರಿಗೆ ಅಲ್ಲಿ ಲೆಮನೇಡೇ ಗತಿ. ಕ್ಲೆಮ್ ಆ ಲೋಟವನ್ನು ನೋಡಿದ. ಹೆಂಡತಿಯ ಮುಂದಿದ್ದ ಶಾಂಪೇನನ್ನು ನೋಡಿದ. ಮೂವತ್ತು ವರ್ಷದಲ್ಲಿ ಡಲ್ಸಿ ಕಂಡಿರದ ಒಂದು ಕಾಂತಿ ಅವನ ಮುಖದ ಮೇಲೆ ಮೆಲ್ಲಗೆ ಉದಯಿಸಿತು. ಅವನು ಎರಡೂ ಲೋಟಗಳನ್ನು ಬಹಳ ಮರ್ಯಾದೆಯಿಂದ ಅದಲುಬದಲು ಮಾಡಿದ.

"ಡ್ರೈವರ್ ನೀನಲ್ವಾ, ಡಲ್?" ಅಂದ.

ಅದಾದ ಮೇಲೆ ಹೆಂಡತಿಯ ಗೆಲುವನ್ನು ಅವನಷ್ಟು ಮನಸಾರೆ ಆಚರಿಸಿದವರು ಅಲ್ಲಿ ಇನ್ನೊಬ್ಬರಿಲ್ಲ. ಶಾಂಪೇನಿನ ಮೇಲೆ ಬಿಯರು, ಬಿಯರಿನ ಮೇಲೆ ಬಿಯರು, ಒಂದೊಂದಕ್ಕೂ ಡಲ್ಸಿಗೆ ಜಯಕಾರ. ಕೊನೆಗೆ ಲೆಸ್ಟರ್ ಅವನನ್ನು ಎತ್ತಿ ತಂದು ಕಾರಿನಲ್ಲಿ ಕೂರಿಸಬೇಕಾಯಿತು.

ಟಾರು ರಸ್ತೆ ಬಿಟ್ಟು ಮೊದಲ ಗೇಟಿನ ಮುಂದೆ ಡಲ್ಸಿ ಕಾರು ನಿಲ್ಲಿಸಿದಳು. ಹಾರ್ನ್ ಒತ್ತಿದಳು, ಭುಜ ಹಿಡಿದು ಅಲುಗಿಸಿದಳು. ಕ್ಲೆಮ್ ಕಪ್ಪನ್ನು ತಬ್ಬಿಕೊಂಡು, ಬಾಯಿ ತೆರೆದು, ಗೊರಕೆ ಹೊಡೆಯುತ್ತಿದ್ದ. ಡಲ್ಸಿ ಇಳಿದು ಗೇಟು ತೆಗೆದಳು. ವಾಪಸು ಬಂದು ಹತ್ತಿ ಕಾರು ದಾಟಿಸಿದಳು. ಮತ್ತೆ ಇಳಿದು, ನಡೆದು ಹೋಗಿ, ಗೇಟು ಮುಚ್ಚಿ, ಮತ್ತೆ ಬಂದು ಹತ್ತಿದಳು. ಮುಂದೆ ಇನ್ನೂ ಆರು ಗೇಟುಗಳಿದ್ದವು, ಅದರಾಚೆ ಇಡೀ ಒಂದು ವರ್ಷ.